ಹಳೇ ಹಾರ್ಡ್ ಡಿಸ್ಕಿನಲ್ಲಿರೋ ಔಟ್‌ಲುಕ್ ಎಕ್ಸ್‌ಪ್ರೆಸ್ ಮೇಲ್‌ಗಳನ್ನು ಹೊರಗೆ ತೆಗೆಯೋದು ಹೇಗೆ?

ಸಂಪಿಗೆಮರ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನಮ್ಮಲ್ಲಿ ವಿಂಡೋಸ್ ಎಕ್ಸ್‌ಪಿ ಹಾಕಿದ್ದ ಒಂದು ಹಳೇ ಡೆಸ್ಕ್‌ಟಾಪ್ ಇದೆ. ಪವರ್ ಸಪ್ಲೈ ಸುಟ್ಟು ಎಷ್ಟೋ ವರ್ಷ ಆಯಿತು. ಅದರೊಳಗೆ, ಎಕ್ಸ್‌ಪಿ ಜೊತೆಗೇ ಬರುತ್ತಿದ್ದ ಔಟ್‌ಲುಕ್ ಎಕ್ಸ್‌ಪ್ರೆಸ್ ಅನ್ನೋ ಮೇಲ್ ಪ್ರೋಗ್ರಾಂನಲ್ಲಿ, ನಮ್ಮಕ್ಕನ ಮೇಲ್‌ಗಳಿವೆ. ಅಕ್ಕ 2003ರಿಂದ 2007ರವರೆಗೆ ಓದೋಕೆ ಹೊರದೇಶದಲ್ಲಿದ್ದಳು. ಆಗ ಫೋನ್ ಮಾಡೋದು ದುಬಾರಿ. ಹಾಗಾಗಿ ಮನೆಯ ಮಾತೆಲ್ಲ ಮೇಲ್‌ನಲ್ಲೇ ನಡೆಯುತ್ತಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡ. ರೂಮಿನ ಹೀಟರ್ ಕೆಟ್ಟಿದ್ದು, ಗೈಡ್ ಬೈದಿದ್ದು, ಮೊದಲ ಪೇಪರ್ ಒಪ್ಪಿಗೆ ಆಗಿದ್ದು, ಅಮ್ಮ ಕೇಳಿದ ಒಂದೊಂದು ಪ್ರಶ್ನೆಗೂ ನಂಬರ್ ಹಾಕಿ ಕೊಟ್ಟ ಉತ್ತರ, ಎಲ್ಲ ಅದರಲ್ಲಿದೆ. ಈಗ ಅಕ್ಕನ ಮಗಳೇ ಓದೋಕೆ ಹೊರಟಿದ್ದಾಳೆ. ಅವಳ ಕೈಗೆ ಅದನ್ನೆಲ್ಲ ಕೊಡಬೇಕು ಅಂತ ಅಕ್ಕನಿಗೆ ತುಂಬಾ ಆಸೆ. ನನಗೂ ಅಷ್ಟೇ ಆಸೆ.

ಅಕ್ಕನ ಕಡೆ ಏನೂ ಉಳಿದಿಲ್ಲ. ಓದು ಮುಗಿದ ಮೇಲೆ ಕಾಲೇಜಿನ ಅಕೌಂಟ್ ಮುಚ್ಚಿದರು. ನಮ್ಮ ಕಡೆ ಇದ್ದದ್ದು ಇಂಟರ್ನೆಟ್ ಕನೆಕ್ಷನ್ ಜೊತೆ ಬಂದ ಅಕೌಂಟ್, ಅದೂ ಈಗಿಲ್ಲ. ಅಂದರೆ ಇರೋದು ಈ ಡಿಸ್ಕ್ ಒಂದೇ.

ಇಲ್ಲಿಯವರೆಗೆ ಮಾಡಿದ್ದು: 40 ಜಿಬಿ ಐಡಿಇ (ಹಳೇ ಮಾದರಿಯ ಅಗಲ ಕೇಬಲ್‌ನ) ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಅಡಾಪ್ಟರ್ ಮೂಲಕ ವಿಂಡೋಸ್ 10 ಲ್ಯಾಪ್‌ಟಾಪ್‌ಗೆ ಹಾಕಿದೆ. ಡಿಸ್ಕ್ ತಿರುಗುತ್ತೆ, ಸದ್ದು ಒಂದೇ ಸಮ ಇದೆ, ಡ್ರೈವ್ ಕೂಡ ಕಾಣುತ್ತೆ. ಆದರೆ ನನ್ನ ಹೆಸರಿನ ಫೋಲ್ಡರ್ ತೆರೆಯೋಕೆ ಹೋದರೆ ಪರ್ಮಿಷನ್ ಇಲ್ಲ ಅನ್ನುತ್ತೆ. ಕೆಳಗೆ ಕಂಟಿನ್ಯೂ ಅಂತ ಬಟನ್ ಇದೆ. ಒತ್ತಿಲ್ಲ. ರಿಪೇರಿ ಮಾಡುವವರೊಬ್ಬರನ್ನು ಕೇಳಿದೆ. ಫಾರ್ಮ್ಯಾಟ್ ಮಾಡಿ ರಿಕವರಿ ಸಾಫ್ಟ್‌ವೇರ್ ಹಾಕಬೇಕು ಅಂದರು. ಮನಸ್ಸು ಒಪ್ಪಲಿಲ್ಲ. ನಿಜವಾಗಲೂ ಹಾಗೇ ಮಾಡಬೇಕಾ? ಮೇಲ್‌ಗಳು ಯಾವ ಫೈಲಿನಲ್ಲಿ ಇರುತ್ತವೆ?

ಹಳೇಬೋರ್ಡು:

ಫಾರ್ಮ್ಯಾಟ್ ಖಂಡಿತ ಬೇಡ. ನಿಮ್ಮ ಡಿಸ್ಕಿಗೆ ಬಂದಿರೋದು ರೋಗವೇ ಅಲ್ಲ. ಆ ಫೋಲ್ಡರ್ ಎಕ್ಸ್‌ಪಿಯ ಹಳೇ ಯೂಸರ್‌ಗೆ ಸೇರಿದ್ದು. ಈಗಿನ ವಿಂಡೋಸ್‌ಗೆ ಆ ಯೂಸರ್ ಯಾರು ಅಂತ ಗೊತ್ತಿಲ್ಲ, ಅದಕ್ಕೆ ಬಾಗಿಲು ತೆಗೆಯುತ್ತಿಲ್ಲ. ಒಳಗಿನ ಫೈಲ್‌ಗಳು ಹಾಗೇ ಇರುತ್ತವೆ. ಫೈಲ್‌ಗಳು ಎನ್‌ಕ್ರಿಪ್ಟ್ ಆಗಿದ್ದರೆ, ಅಂದರೆ ಕೀಲಿ ಇಲ್ಲದೆ ಓದೋಕಾಗದ ಹಾಗೆ ಬೀಗ ಹಾಕಿದ್ದರೆ, ಮಾತ್ರ ಕಷ್ಟ. ಎಕ್ಸ್‌ಪಿ ಹೋಮ್ ಆಗಿದ್ದರೆ ಆ ಭಯವೂ ಬೇಡ, ಅದರಲ್ಲಿ ಆ ಸೌಲಭ್ಯವೇ ಇರಲಿಲ್ಲ.

ಕಂಟಿನ್ಯೂ ಒತ್ತದೇ ಇದ್ದದ್ದು ಒಳ್ಳೇದಾಯಿತು. ಒತ್ತಿದರೆ ವಿಂಡೋಸ್ ಒಂದೊಂದು ಫೈಲಿನ ಪರ್ಮಿಷನ್ನೂ ಬದಲಿಸುತ್ತಾ ಹೋಗುತ್ತೆ. ಅಂದರೆ ಆ ಹಳೇ ಡಿಸ್ಕಿನ ಮೇಲೆ ಬರೆಯುತ್ತೆ. ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದ ಡಿಸ್ಕಿನ ಮೇಲೆ ಒಂದಕ್ಷರವನ್ನೂ ಬರೆಯಬಾರದು. ಎಷ್ಟು ಹೊತ್ತು ತಿರುಗುತ್ತೋ ಹೇಳೋಕಾಗಲ್ಲ. ತಿರುಗುವಷ್ಟು ಹೊತ್ತೂ ಅದು ನಿಮಗೆ ಓದಿ ಕೊಡುವ ಕೆಲಸವನ್ನಷ್ಟೇ ಮಾಡಲಿ.

ಅದಕ್ಕೇ ಮೇಲ್ ಹುಡುಕೋದು ಆಮೇಲೆ. ಮೊದಲು ಇಡೀ ಡಿಸ್ಕಿನ ಇಮೇಜ್ ತೆಗೆಯಿರಿ. ಫೋಲ್ಡರ್ ಕಾಪಿ ಅಲ್ಲ, ಮೊದಲ ಸೆಕ್ಟರಿನಿಂದ (ಸೆಕ್ಟರ್ ಅಂದರೆ ಡಿಸ್ಕಿನ ಒಂದು ಪುಟ್ಟ ತುಂಡು ಜಾಗ) ಕೊನೇ ಸೆಕ್ಟರಿನವರೆಗೆ ಪೂರ್ತಿ ನಕಲು, ಒಂದೇ ಫೈಲಾಗಿ. 40 ಜಿಬಿ ಅಂದರೆ ಈಗಿನ ಲೆಕ್ಕದಲ್ಲಿ ಏನೂ ಅಲ್ಲ.

ಪೆನ್‌ಡ್ರೈವ್‌ನಿಂದ ಉಬುಂಟು ಲೈವ್ (ಇನ್‌ಸ್ಟಾಲ್ ಮಾಡದೇ ಓಡುವ ಲಿನಕ್ಸ್) ಬೂಟ್ ಮಾಡಿ, ಅದರಲ್ಲಿ ಡಿಡಿರೆಸ್ಕ್ಯೂ ಅನ್ನೋ ಡಿಸ್ಕ್ ನಕಲು ಮಾಡುವ ಪ್ರೋಗ್ರಾಂ ಬಳಸಿ. ಸಾಮಾನ್ಯ ಕಾಪಿ ಒಂದು ಕೆಟ್ಟ ಸೆಕ್ಟರ್ ಸಿಕ್ಕರೆ ಅಲ್ಲೇ ನಿಂತು ಡಿಸ್ಕನ್ನು ಉಜ್ಜುತ್ತಾ ಇರುತ್ತೆ. ಡಿಡಿರೆಸ್ಕ್ಯೂ ಅದನ್ನು ಬಿಟ್ಟು ಮುಂದೆ ಹೋಗುತ್ತೆ. ಸುಲಭವಾಗಿ ಬರೋದನ್ನೆಲ್ಲ ತಂದಿಟ್ಟು, ಕಷ್ಟದ ಜಾಗಕ್ಕೆ ಕೊನೆಗೆ ಬರುತ್ತೆ. ಎಲ್ಲಿಯವರೆಗೆ ಓದಿದೆ ಅಂತ ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತೆ. ಹಾಗಾಗಿ ನಡುವೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಸಬಹುದು. ಮ್ಯಾಪ್ ಫೈಲಿನ ಹೆಸರು ಕೊಡೋದು ಮರೆಯಬೇಡಿ.

ಇಲ್ಲಿ ಒಂದು ಕಡೆ ಕೈ ತಡೆದು ನಿಲ್ಲಬೇಕು. ಆ ಕಮಾಂಡಿನಲ್ಲಿ ಮೊದಲು ಬರೆಯೋದು ಹಳೇ ಡಿಸ್ಕಿನ ಹೆಸರು, ಆಮೇಲೆ ಇಮೇಜ್ ಫೈಲ್, ಕೊನೆಗೆ ಮ್ಯಾಪ್ ಫೈಲ್. ಯಾವ ಡಿಸ್ಕಿಗೆ ಯಾವ ಹೆಸರು ಬಂದಿದೆ ಅಂತ ಸೈಜ್ ನೋಡಿ ಗುರುತಿಸಿ. ನಿಮ್ಮ 40 ಜಿಬಿ ಡಿಸ್ಕ್ ಲಿನಕ್ಸ್ ಪಟ್ಟಿಯಲ್ಲಿ 37.3 ಜಿ ಅಂತ ಕಾಣುತ್ತೆ. ಎಂಟರ್ ಒತ್ತುವ ಮೊದಲು ಇನ್ನೊಮ್ಮೆ ಓದಿ ನೋಡಿ. ಇಮೇಜ್ ಇಡುವ ಎಕ್ಸ್‌ಟರ್ನಲ್ ಡ್ರೈವ್‌ನ ಫಾರ್ಮ್ಯಾಟ್ ಫ್ಯಾಟ್32 ಆಗಿರಬಾರದು, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರಲ್ಲ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಇರಲಿ.

ಓದುತ್ತಿರುವಾಗ ಟಕ್ ಟಕ್ ಅಂತ ಸದ್ದು ಶುರುವಾದರೆ ತಕ್ಷಣ ಆಫ್ ಮಾಡಿ. ಅದು ಹೆಡ್ (ಡಿಸ್ಕನ್ನು ಓದುವ ಭಾಗ) ಕೆಡುತ್ತಿರುವ ಸದ್ದು. ಮುಚ್ಚಳ ಬಿಚ್ಚಬೇಡಿ, ಫ್ರಿಜ್‌ನಲ್ಲಿ ಇಡಿ ಅನ್ನೋರ ಮಾತು ಕೇಳಬೇಡಿ. ಅಲ್ಲಿಂದ ಮುಂದೆ ಅದು ಡೇಟಾ ರಿಕವರಿ ಲ್ಯಾಬಿನ ಕೆಲಸ.

ಇಮೇಜ್ ಬಂದ ಮೇಲೆ ಹಳೇ ಡಿಸ್ಕನ್ನು ತೆಗೆದು ಜೋಪಾನವಾಗಿ ಇಡಿ. ಉಬುಂಟುವಿನಲ್ಲೇ ಇಮೇಜ್ ಫೈಲನ್ನು ಡಿಸ್ಕ್ ಇಮೇಜ್ ಮೌಂಟರ್‌ನಲ್ಲಿ ತೆರೆಯಿರಿ. ಅದು ತಾನಾಗೇ ಓದೋಕೆ ಮಾತ್ರ ಅಂತ ತೆರೆಯುತ್ತೆ, ಎಕ್ಸ್‌ಪಿಯ ಪರ್ಮಿಷನ್ ಕೂಡ ಅಡ್ಡ ಬರಲ್ಲ. ಆಮೇಲೆ ಹೀಗೆ ಹೋಗಿ: ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್, ನಿಮ್ಮ ಯೂಸರ್ ಹೆಸರು, ಲೋಕಲ್ ಸೆಟ್ಟಿಂಗ್ಸ್, ಅಪ್ಲಿಕೇಶನ್ ಡೇಟಾ, ಐಡೆಂಟಿಟೀಸ್. ಅಲ್ಲಿ ಬ್ರಾಕೆಟ್ ಒಳಗೆ ಉದ್ದದ ನಂಬರ್ ಇರೋ ಫೋಲ್ಡರ್ ಇರುತ್ತೆ. ಅದರೊಳಗೆ ಮೈಕ್ರೋಸಾಫ್ಟ್, ಅದರೊಳಗೆ ಔಟ್‌ಲುಕ್ ಎಕ್ಸ್‌ಪ್ರೆಸ್. ಅಲ್ಲಿ ಡಿಬಿಎಕ್ಸ್ ಅಂತ ಕೊನೆಯಾಗುವ ಫೈಲ್‌ಗಳೇ ನಿಮ್ಮ ಮೇಲ್. ಒಂದು ಮೇಲ್ ಫೋಲ್ಡರಿಗೆ ಒಂದು ಫೈಲ್. ಫೋಲ್ಡರ್ಸ್ ಅನ್ನೋ ಡಿಬಿಎಕ್ಸ್ ಬರೀ ಪಟ್ಟಿ, ಅದರಲ್ಲಿ ಮೇಲ್ ಇರಲ್ಲ. ಸಿಕ್ಕಿದ್ದನ್ನು ಇಲ್ಲಿ ಬರೆಯಿರಿ, ಮುಂದಿನದು ಹೇಳುತ್ತೇನೆ.

ನೀಲಿಕುರುಂಜಿ:

ನಡುವೆ ಬಂದೆ, ಕ್ಷಮಿಸಿ. ನನ್ನದೂ ಇಂಥದ್ದೇ ಕಥೆ, ಆದರೆ ಆಫೀಸ್ ಜೊತೆ ಬರುತ್ತಿದ್ದ ದೊಡ್ಡ ಔಟ್‌ಲುಕ್. ಅದು ಮೇಲ್ ಇಡುವ ಪಿಎಸ್‌ಟಿ ಫೈಲ್ ಸಿಕ್ಕಿದೆ, ಹತ್ತಿರ ಹತ್ತಿರ 2 ಜಿಬಿ ಇದೆ. ತೆರೆಯುತ್ತಿಲ್ಲ.

ಹಳೇಬೋರ್ಡು:

@ನೀಲಿಕುರುಂಜಿ, ಔಟ್‌ಲುಕ್ 2002 ಮತ್ತು ಅದಕ್ಕಿಂತ ಹಳೇದರಲ್ಲಿ ಪಿಎಸ್‌ಟಿಗೆ 2 ಜಿಬಿ ಮಿತಿ ಇತ್ತು. ಆ ಗಡಿ ಮುಟ್ಟಿದರೆ ಫೈಲ್ ಕೆಡುತ್ತಿತ್ತು. 2003ರಿಂದ ಬಂದ ಹೊಸ ಮಾದರಿಯ ಫೈಲಿಗೆ ಈ ತೊಂದರೆ ಇಲ್ಲ. ಫೈಲಿನ ಒಂದು ನಕಲು ಮಾಡಿ, ಆ ನಕಲಿನ ಮೇಲೆ ಔಟ್‌ಲುಕ್ ಜೊತೆಯೇ ಬರುವ ಸ್ಕ್ಯಾನ್‌ಪಿಎಸ್‌ಟಿ ಅನ್ನೋ ರಿಪೇರಿ ಪ್ರೋಗ್ರಾಂ ಓಡಿಸಿ. ಅದು ಫೈಲನ್ನೇ ತಿದ್ದುತ್ತೆ, ಹಾಗಾಗಿ ಮೂಲದ ಮೇಲೆ ಬೇಡ. ಔಟ್‌ಲುಕ್ ಇಲ್ಲದಿದ್ದರೆ ಲಿನಕ್ಸ್‌ನಲ್ಲಿ ರೀಡ್‌ಪಿಎಸ್‌ಟಿ ಅಂತ ಇದೆ. ಅದು ಎಂಬಾಕ್ಸ್ (ಬೇರೆ ಮೇಲ್ ಪ್ರೋಗ್ರಾಂಗಳೂ ಓದುವ ಫೈಲ್) ಮಾಡಿ ಕೊಡುತ್ತೆ.

ಸಂಪಿಗೆಮರ:

ಇಮೇಜ್ ಬಂತು! ಒಂದು ಕಡೆ ಸ್ವಲ್ಪ ತಡವರಿಸಿತು, ಎದೆ ಹೊಡೆದುಕೊಂಡಿತು. ಬಿಟ್ಟು ಮುಂದೆ ಹೋಗಿ, ಕೊನೆಗೆ ಆ ಜಾಗವನ್ನೂ ಓದಿತು. ನೀವು ಹೇಳಿದ ಹಾಗೆ 37.3 ನೋಡಿಯೇ ಗುರುತು ಹಿಡಿದೆ. ಹಳೇ ಡಿಸ್ಕ್ ಈಗ ಕಪಾಟಿನಲ್ಲಿದೆ.

ಆದರೆ ನೀವು ಹೇಳಿದ ದಾರಿಯಲ್ಲಿ ಹೋದರೆ ಇನ್‌ಬಾಕ್ಸ್ ಡಿಬಿಎಕ್ಸ್ ಬರೀ 58 ಕೆಬಿ ಇದೆ. ಸೆಂಟ್ ಐಟಮ್ಸ್ ಕೂಡ ಅಷ್ಟೇ. ಖಾಲಿ ಅಲ್ವಾ ಇದು? ತುಂಬಾ ಬೇಜಾರಾಗಿದೆ. ಅಕ್ಕನಿಗೆ ಇನ್ನೂ ಹೇಳಿಲ್ಲ.

ಹಳೇಬೋರ್ಡು:

ಹೌದು, 58 ಕೆಬಿ ಅಂದರೆ ಖಾಲಿ ಡಬ್ಬ. ಆದರೆ ಆ ಕಂಪ್ಯೂಟರಿಗೆ ನಡುವೆ ಯಾವಾಗಲಾದರೂ ಮತ್ತೆ ವಿಂಡೋಸ್ ಹಾಕಿಸಿದ್ದಿರಾ? ಫಾರ್ಮ್ಯಾಟ್ ಮಾಡದೆ ಮೇಲಿಂದ ಮೇಲೆ ಹಾಕಿದ್ದರೆ, ಎಕ್ಸ್‌ಪಿ ಹಳೇ ಯೂಸರ್ ಫೋಲ್ಡರನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಹೊಸದೊಂದು ಮಾಡುತ್ತಿತ್ತು. ಹೊಸದರ ಹೆಸರಿನ ಕೊನೆಗೆ ಒಂದು ಚುಕ್ಕಿ, ಆಮೇಲೆ ಕಂಪ್ಯೂಟರ್ ಹೆಸರು ಸೇರಿರುತ್ತೆ. ನೀವು ಬಹುಶಃ ಹೊಸದನ್ನು ನೋಡುತ್ತಿದ್ದೀರಿ. ಒಂದು ಹೆಜ್ಜೆ ಹಿಂದೆ ಹೋಗಿ ನೋಡಿ. ಐಡೆಂಟಿಟೀಸ್ ಒಳಗೂ ಒಂದಕ್ಕಿಂತ ಜಾಸ್ತಿ ನಂಬರ್ ಫೋಲ್ಡರ್ ಇದ್ದರೆ ಎಲ್ಲವನ್ನೂ ತೆರೆಯಿರಿ. ಇನ್ನೂ ಸುಲಭ ಅಂದರೆ ಇಡೀ ಇಮೇಜಿನಲ್ಲಿ ಡಿಬಿಎಕ್ಸ್ ಅಂತ ಹುಡುಕಿ, ಸೈಜ್ ಪ್ರಕಾರ ಜೋಡಿಸಿ. ದೊಡ್ಡದು ಮೇಲೆ ಬರುತ್ತೆ.

ಸಂಪಿಗೆಮರ:

ಸಿಕ್ಕಿತು. ಕೈ ನಡುಗುತ್ತಿದೆ ಬರೆಯೋಕೆ.

ವಿಂಡೋಸ್ ಮತ್ತೆ ಹಾಕಿಸಿದ್ದು ನಿಜ, ಅಪ್ಪನಿಗೆ ನೆನಪಿತ್ತು. ನನ್ನ ಹೆಸರಿನವು ಎರಡು ಫೋಲ್ಡರ್ ಇವೆ, ಒಂದಕ್ಕೆ ಚುಕ್ಕಿ ಇದೆ. ಚುಕ್ಕಿ ಇಲ್ಲದ್ದರಲ್ಲಿ ಇನ್‌ಬಾಕ್ಸ್ ಇದೆ, ಸೆಂಟ್ ಐಟಮ್ಸ್ ಇದೆ, ಅವುಗಳ ಪಕ್ಕದಲ್ಲೇ ಅಕ್ಕ ಅನ್ನೋ ಹೆಸರಿನ ಡಿಬಿಎಕ್ಸ್! ಅವಳಿಂದ ಬಂದ ಮೇಲ್‌ಗಳೆಲ್ಲ ಒಂದು ಫೋಲ್ಡರಿಗೆ ಹೋಗಲಿ ಅಂತ ಅಪ್ಪ ಆಗ ರೂಲ್ ಹಾಕಿಟ್ಟಿದ್ದರಂತೆ. 212 ಎಂಬಿ ಇದೆ. ಈಗ ಇದನ್ನು ಹೇಗೆ ಓದೋದು?

ಹಳೇಬೋರ್ಡು:

ನಿಮ್ಮಪ್ಪ ದೊಡ್ಡ ಉಪಕಾರ ಮಾಡಿದ್ದಾರೆ. ಬೇರೆ ಫೈಲ್‌ನಲ್ಲಿ ಇದ್ದದ್ದರಿಂದ ನಿಮ್ಮ ಕೆಲಸ ಅರ್ಧ ಆಯಿತು.

ಡಿಬಿಎಕ್ಸ್‌ಗಳನ್ನೆಲ್ಲ ಎಕ್ಸ್‌ಟರ್ನಲ್ ಡ್ರೈವ್‌ನ ಒಂದು ಫೋಲ್ಡರಿಗೆ ನಕಲು ಮಾಡಿಕೊಳ್ಳಿ. ಆಮೇಲೆ ಅನ್‌ಡಿಬಿಎಕ್ಸ್ ಅಂತ ಒಂದು ಪುಟ್ಟ ಉಚಿತ ಪ್ರೋಗ್ರಾಂ ಇದೆ, ಕಮಾಂಡ್ ಲೈನ್‌ನಲ್ಲಿ ಓಡಿಸೋದು. ಡಿಬಿಎಕ್ಸ್ ಇರೋ ಜಾಗ ಹೇಳಿ, ಹೊರಗೆ ಹಾಕುವ ಫೋಲ್ಡರ್ ಹೇಳಿದರೆ ಸಾಕು. ಒಂದೊಂದು ಮೇಲನ್ನೂ ಬೇರೆ ಬೇರೆ ಇಎಂಎಲ್ ಫೈಲಾಗಿ ತೆಗೆದುಕೊಡುತ್ತೆ. ಫೋಟೋ, ಅಟ್ಯಾಚ್‌ಮೆಂಟ್ ಎಲ್ಲ ಅದರೊಳಗೇ ಬರುತ್ತೆ.

ಓದೋಕೆ ಥಂಡರ್‌ಬರ್ಡ್ ಅನ್ನೋ ಉಚಿತ ಮೇಲ್ ಪ್ರೋಗ್ರಾಂ ಹಾಕಿಕೊಳ್ಳಿ. ಅದಕ್ಕೆ ಇಂಪೋರ್ಟ್‌ಎಕ್ಸ್‌ಪೋರ್ಟ್‌ಟೂಲ್ಸ್ ಎನ್‌ಜಿ ಅಂತ ಆಡ್‌ಆನ್ ಇದೆ. ಲೋಕಲ್ ಫೋಲ್ಡರ್ಸ್ ಕೆಳಗೆ ಒಂದು ಹೊಸ ಫೋಲ್ಡರ್ ಮಾಡಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಇಎಂಎಲ್‌ಗಳನ್ನೆಲ್ಲ ಒಟ್ಟಿಗೆ ಒಳಗೆ ತನ್ನಿ. ತಾರೀಕಿನ ಪ್ರಕಾರ ಜೋಡಿಸಿದರೆ 2003ರಿಂದ ಓದಿಕೊಂಡು ಬರಬಹುದು. ಸೆಂಟ್ ಐಟಮ್ಸ್ ಕೂಡ ತರೋದು ಬಿಡಬೇಡಿ. ಅಮ್ಮನ ಪ್ರಶ್ನೆಗಳು ಅದರಲ್ಲೇ ಅಲ್ವಾ ಇರೋದು?

ಕಡಲತೀರ:

ಒಂದು ಮಾತು ಸೇರಿಸುತ್ತೇನೆ. ಕೆಲವು ಮೇಲ್‌ಗಳು ಗೀಚಿದ ಹಾಗೆ ಕಂಡರೆ ಹಾಳಾಗಿವೆ ಅಂತ ಅಳಿಸಬೇಡಿ. ಥಂಡರ್‌ಬರ್ಡ್‌ನ ವ್ಯೂ ಮೆನುವಿನಲ್ಲಿ ರಿಪೇರ್ ಟೆಕ್ಸ್ಟ್ ಎನ್‌ಕೋಡಿಂಗ್ ಇದೆ, ಒತ್ತಿ ನೋಡಿ. ಯೂನಿಕೋಡ್‌ಗೆ ಮುಂಚಿನ ಕನ್ನಡ ಫಾಂಟಿನಲ್ಲಿ ಬರೆದಿದ್ದರೆ ಅದರಿಂದಲೂ ಸರಿ ಹೋಗಲ್ಲ. ಅದೇ ಫಾಂಟ್ ಹಾಕಿಕೊಳ್ಳಬೇಕು, ಇಲ್ಲ ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್ ಬಳಸಬೇಕು. ಅಕ್ಷರದ ಜಾಗದಲ್ಲಿ ಪೂರ್ತಿ ಪ್ರಶ್ನಾರ್ಥಕ ಚಿಹ್ನೆಗಳೇ ಇದ್ದರೆ ಮಾತ್ರ ಅದು ಕಳುಹಿಸಿದಾಗಲೇ ಹೋದದ್ದು.

ಸಂಪಿಗೆಮರ:

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ. ಓದುತ್ತಾ ಕೂತಿದ್ದೇವೆ. ಮೊದಲ ಮೇಲ್‌ನ ಸಬ್ಜೆಕ್ಟ್ "ತಲುಪಿದೆ" ಅಂತ, ಅಷ್ಟೇ. ಒಳಗೆ ಎರಡು ಸಾಲು. ಏರ್‌ಪೋರ್ಟಿನ ಕಂಪ್ಯೂಟರಿನಿಂದ ಬರೆದಿದ್ದಂತೆ. ಹಿಮ ಬಿದ್ದ ಫೋಟೋಗಳೂ ಬಂದಿವೆ. ಅಮ್ಮನ ಪ್ರಶ್ನೆ 4 ಏನು ಅಂತ ಸೆಂಟ್ ಐಟಮ್ಸ್‌ನಲ್ಲಿ ಹುಡುಕಿ, ಅಕ್ಕನ ಉತ್ತರ 4ರ ಜೊತೆ ಇಟ್ಟು ಓದುತ್ತಿದ್ದೇವೆ. ಫೋನಿನಲ್ಲಿ ಅಕ್ಕನೂ ಇದ್ದಾಳೆ.

2005ರ ನಡುವೆ ಕೆಲವು ತಿಂಗಳು ಒಂದೂ ಮೇಲ್ ಇಲ್ಲ. ಅಕ್ಕ ಆಗಲೂ ಬರೆಯುತ್ತಿದ್ದಳು, ಅದು ಖಂಡಿತ. ಏನಾದರೂ ದಾರಿ ಇದೆಯಾ?

ಹಳೇಬೋರ್ಡು:

ಇದೆ. ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ಡಿಲೀಟ್ ಮಾಡಿದ ಮೇಲ್ ತಕ್ಷಣ ಫೈಲಿನಿಂದ ಹೋಗಲ್ಲ. ಕಂಪ್ಯಾಕ್ಟ್ ಮಾಡುವವರೆಗೆ (ಅಂದರೆ ಫೈಲಿನ ಖಾಲಿ ಜಾಗ ತೆಗೆದು ಚಿಕ್ಕದು ಮಾಡುವವರೆಗೆ) ಅದರ ಚೂರುಗಳು ಅಲ್ಲೇ ಉಳಿದಿರುತ್ತವೆ. ಅನ್‌ಡಿಬಿಎಕ್ಸ್‌ಗೆ ರಿಕವರ್ ಅಂತ ಒಂದು ಆಯ್ಕೆ ಇದೆ, ಅದನ್ನು ಹಾಕಿ ಬೇರೆ ಫೋಲ್ಡರಿಗೆ ಮತ್ತೆ ಓಡಿಸಿ. ಇನ್‌ಬಾಕ್ಸ್ ಮತ್ತು ಡಿಲೀಟೆಡ್ ಐಟಮ್ಸ್ ಫೈಲ್‌ಗಳ ಮೇಲೂ ಓಡಿಸಿ. ಅಪ್ಪನ ರೂಲ್ ಆ ತಿಂಗಳುಗಳಲ್ಲಿ ಕೆಲಸ ಮಾಡಿರದಿದ್ದರೆ ಮೇಲ್‌ಗಳು ಇನ್‌ಬಾಕ್ಸ್‌ನಲ್ಲೇ ಕೂತಿರಬಹುದು.

ಅಲ್ಲೂ ಇಲ್ಲದಿದ್ದರೆ ಫೋಟೋರೆಕ್ ಅನ್ನೋ ಉಚಿತ ಪ್ರೋಗ್ರಾಂ ಇದೆ. ಹೆಸರು ನೋಡಿ ಬರೀ ಫೋಟೋಗೆ ಅಂದುಕೊಳ್ಳಬೇಡಿ, ಡಿಬಿಎಕ್ಸ್ ಕೂಡ ಹುಡುಕುತ್ತೆ. ಇಮೇಜ್ ಫೈಲನ್ನೇ ಅದಕ್ಕೆ ಕೊಡಿ. ಅಳಿಸಿಹೋದ ಹಳೇ ಡಿಬಿಎಕ್ಸ್ ಏನಾದರೂ ಖಾಲಿ ಜಾಗದಲ್ಲಿ ಉಳಿದಿದ್ದರೆ ಎತ್ತಿ ಕೊಡುತ್ತೆ.

ಸಂಪಿಗೆಮರ:

ಇನ್‌ಬಾಕ್ಸ್‌ನಲ್ಲೇ ಇದ್ದವು! ಆ ತಿಂಗಳುಗಳಲ್ಲಿ ಅಕ್ಕ ಲ್ಯಾಬಿನ ಬೇರೆ ಅಡ್ರೆಸ್‌ನಿಂದ ಕಳಿಸಿದ್ದಾಳೆ, ಅಪ್ಪನ ರೂಲ್‌ಗೆ ಅದು ಗೊತ್ತಿರಲಿಲ್ಲ. ರಿಕವರ್ ಆಯ್ಕೆಯಲ್ಲಿ ಇನ್ನೂ ಕೆಲವು ಸಿಕ್ಕವು. ಅವುಗಳಲ್ಲಿ ಅರ್ಧಕ್ಕೆ ತುಂಡಾದವೂ ಇವೆ, ಫೋಟೋ ತೆರೆಯುತ್ತಿಲ್ಲ, ಆದರೆ ಮಾತು ಓದಬಹುದು. ಇಮೇಜ್, ಡಿಬಿಎಕ್ಸ್, ಇಎಂಎಲ್ ಮೂರನ್ನೂ ಎರಡು ಡ್ರೈವ್‌ಗಳಲ್ಲಿ ಹಾಕುತ್ತಿದ್ದೇನೆ. ಒಂದು ಅಕ್ಕನ ಮಗಳ ಜೊತೆ ಹೋಗುತ್ತೆ.