ಅಮ್ಮನನ್ನು ಕೆ.ಆರ್. ಮಾರ್ಕೆಟ್‌ಗೆ ಕರೆದುಕೊಂಡು ಹೋಗ್ತೀರಾ? ನನ್ನ ಅನುಭವ ಹೀಗಿದೆ

ಅಕ್ಕಾ, ಬೆಂಗಳೂರಿಗೆ ಹೋದಾಗ ಅಮ್ಮನಿಗೆ ಕೆ.ಆರ್. ಮಾರ್ಕೆಟ್ ತೋರಿಸಬೇಕು, ಎಷ್ಟು ಹೊತ್ತಿಗೆ ಹೋಗಲಿ, ಹೂವು ದಾವಣಗೆರೆವರೆಗೆ ತರಬಹುದಾ ಅಂತ ಕೇಳಿದ್ರಲ್ಲ. ನಾನು ಎರಡು ಸಲ ಹೋಗಿದ್ದೇನೆ. ಎರಡನೇ ಸಲ ಅತ್ತೆ ಜೊತೆಗಿದ್ದರು.

ಬೆಳಗ್ಗೆ ಆರರೊಳಗೆ ಅಲ್ಲಿರಿ. ನಮ್ಮ ಪಕ್ಕದ ಮನೆಯವರು ಹತ್ತಕ್ಕೆ ಹೋಗಿ, ಬರೀ ಜನ, ಗಾಡಿ ನೋಡಿಕೊಂಡು ಬಂದರು, ಹೂವಿನ ಸಗಟು ವ್ಯಾಪಾರ ಅಷ್ಟೊತ್ತಿಗೆ ಮುಗಿದೇ ಹೋಗಿತ್ತಂತೆ. ರಾತ್ರಿ ರೈಲಿಗೆ ಹೊರಟರೆ ಸುಲಭ. ಮೆಜೆಸ್ಟಿಕ್‌ನಿಂದ ಮೆಟ್ರೋ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ ಬಿಟ್ಟರೆ ಮುಂದಿನದೇ ಮಾರ್ಕೆಟ್. ಭಾನುವಾರ ಮೆಟ್ರೋ ತಡ, ಆಟೋ ಹಿಡಿಯಿರಿ.

ಒಳಗೆ ಹೋದ ತಕ್ಷಣ ಏನೂ ಕೊಳ್ಳಬೇಡಿ. ಕೈಯಲ್ಲಿ ಚೀಲ ಇದ್ದರೆ ಆ ನೂಕಿನಲ್ಲಿ ಅಮ್ಮನ ಕೈ ಹಿಡಿಯೋದಕ್ಕೆ ಆಗಲ್ಲ. ಮೊದಲು ಮಹಡಿ ಹತ್ತಿ, ಮೇಲಿಂದ ಕೆಳಗೆ ನೋಡಿ. ಚೆಂಡುಹೂವು, ಸೇವಂತಿಗೆ, ಗುಲಾಬಿ, ಎಲ್ಲಾ ಗುಡ್ಡೆ ಗುಡ್ಡೆ, ನಡುವೆ ತಲೆ ಮೇಲೆ ಮೂಟೆ ಹೊತ್ತವರು ಓಡಾಡುತ್ತಿರುತ್ತಾರೆ. ಅತ್ತೆ ಅಲ್ಲೇ ಅರ್ಧ ಗಂಟೆ ನಿಂತುಬಿಟ್ಟರು, ನಾನೂ ಕರೆಯಲಿಲ್ಲ. ಮೆಟ್ಟಿಲು, ನೆಲ ಎಲ್ಲಾ ಒದ್ದೆ ಇರುತ್ತದೆ, ಜಾರದ ಚಪ್ಪಲಿ ಹಾಕಿಸಿ. ರೇಷ್ಮೆ ಸೀರೆ ಅಂತೂ ಬೇಡ.

ಮುಂದಿನ ಹಳೇ ಕಟ್ಟಡವನ್ನೂ ನಿಂತು ನೋಡಿ. ಮಾರ್ಕೆಟ್ ಶುರುವಾಗಿದ್ದು 1928ರಲ್ಲಿ, ಹೆಸರು ನಾಲ್ವಡಿ ಕೃಷ್ಣರಾಜ ಒಡೆಯರದ್ದು. ಅದಕ್ಕೂ ಮುಂಚೆ ಅಲ್ಲಿ ಸಿದ್ದಿಕಟ್ಟೆ ಅನ್ನೋ ಕೆರೆ ಇತ್ತು. ಇದನ್ನು ಹೇಳಿದಾಗ ಅತ್ತೆ, ಕೆರೆ ಮೇಲೆ ಇಷ್ಟೊಂದು ಹೂವಾ ಅಂದರು. ಟಿಪ್ಪು ಅರಮನೆ, ಕೋಟೆ ವೆಂಕಟರಮಣ ಗುಡಿ ಎರಡೂ ಅಲ್ಲೇ ಹತ್ತಿರ, ಅಮ್ಮನಿಗೆ ಕಾಲುನೋವು ಇಲ್ಲದಿದ್ದರೆ ನಡೆದೇ ಹೋಗಬಹುದು.

ಇನ್ನು ಹೂವು ತರೋ ವಿಷಯ. ಮೊದಲ ಸಲ ನಾನು ಎರಡು ಕೇಜಿ ಬಿಡಿ ಮಲ್ಲಿಗೆ ಕೊಂಡು, ಪ್ಲಾಸ್ಟಿಕ್ ಕವರಿನಲ್ಲಿ ಗಟ್ಟಿಯಾಗಿ ಕಟ್ಟಿ ಮಧ್ಯಾಹ್ನದ ಬಸ್ಸಿಗೆ ಹತ್ತಿದೆ. ಊರು ಮುಟ್ಟೋದರೊಳಗೆ ಬಿಸಿಗೆ ಎಲ್ಲಾ ಕಂದಿ, ಕೊಳೆತ ವಾಸನೆ. ತುಂಬಾ ಬೇಜಾರಾಯಿತು. ಎರಡನೇ ಸಲ ಅತ್ತೆ ಹೇಳಿದಂತೆ ಅರಳದ ಮೊಗ್ಗು ಕಟ್ಟಿದ ಕಾಕಡ ನಾಲ್ಕು ಮಾರು ಕೊಂಡು, ಬಾಳೆ ಎಲೆಯಲ್ಲಿ ಸುತ್ತಿ, ಒದ್ದೆ ಬಟ್ಟೆ ಹೊದಿಸಿ ಗಾಳಿಯಾಡೋ ಬುಟ್ಟಿಯಲ್ಲಿಟ್ಟೆವು. ಹಬ್ಬದ ಹಿಂದಿನ ದಿನ ಮಾತ್ರ ಹೋಗಬೇಡಿ, ದರ ಜಾಸ್ತಿ, ಜನಾನೂ ಜಾಸ್ತಿ.

ಆ ಕಾಕಡ ಮಾರನೇ ದಿನ ಬೆಳಗ್ಗೆ ನಮ್ಮ ದುಗ್ಗಮ್ಮನ ಗುಡಿಗೆ ಕೊಟ್ಟೆವು, ಆಗಲೇ ಅರಳುತ್ತಾ ಇತ್ತು.