ತಾರಕಸಿ ಜುಮ್ಕಿಗೆ ಟೂತ್‌ಪೇಸ್ಟ್ ಹಚ್ಚಿ ಕೆಡಿಸಿಕೊಂಡೆ, ಈಗೇನು ಮಾಡಲಿ?

ಬೆಳ್ಳಿಗೆಜ್ಜೆ:
ಕಟಕ್‌ಗೆ ಹೋದಾಗ ತಂದ ತಾರಕಸಿ ಜುಮ್ಕಿ ಇದು, ಪೂರ್ತಿ ಸಣ್ಣ ಬೆಳ್ಳಿ ತಂತಿಯ ಕೆಲಸ. ಎರಡು ವರ್ಷ ಬೀರುವಿನಲ್ಲೇ ಇತ್ತು. ಮದುವೆಗೆ ಹಾಕೋಣ ಅಂತ ತೆಗೆದರೆ ಕಪ್ಪಾಗಿದೆ. ಯಾವುದೋ ವಿಡಿಯೊ ನಂಬಿ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದೆ. ಮೇಲಷ್ಟೇ ಹೊಳಪು ಬಂತು, ಸಂದಿಯಲ್ಲೆಲ್ಲ ಪೇಸ್ಟ್ ಒಣಗಿ ಕೂತಿದೆ. ಒಂದು ಸುರುಳಿಯ ತುದಿ ಬೇರೆ ಎದ್ದು ದುಪಟ್ಟಾಗೆ ಸಿಕ್ಕಿಕೊಳ್ಳುತ್ತಿದೆ. ಹುಣಸೆಹಣ್ಣಿನಲ್ಲಿ ನೆನೆಸಲಾ?

ಪತ್ತಾರರ ಮಗ:
ಹುಣಸೆಹಣ್ಣು ಹಿತ್ತಾಳೆ, ತಾಮ್ರಕ್ಕೆ ಸರಿ. ಬೆಳ್ಳಿಯ ಕಪ್ಪು ಹುಳಿಗೆ ಬಗ್ಗುವುದಿಲ್ಲ. ಮೊದಲು ಎರಡು ವಿಷಯ ಹೇಳಿ ಮೇಡಂ. ಮುತ್ತು, ಅಂಟಿಸಿದ ಕಲ್ಲು ಏನಾದರೂ ಇದೆಯಾ? ಕೊಂಡಾಗ ಬೆಳ್ಳಗಿತ್ತಾ, ಅಥವಾ ಬೇಕೆಂದೇ ಕಪ್ಪು ಮಾಡಿದ ಆಕ್ಸಿಡೈಸ್ಡ್ ಕೆಲಸವಾ?

ಬೆಳ್ಳಿಗೆಜ್ಜೆ:
ಕಲ್ಲು, ಮುತ್ತು ಎರಡೂ ಇಲ್ಲ. ಬೆಳ್ಳಗೇ ಇತ್ತು.

ಪತ್ತಾರರ ಮಗ:
ಹಾಗಿದ್ದರೆ ಬದುಕಿಕೊಂಡಿರಿ. ಇನ್ನು ಉಜ್ಜಬೇಡಿ. ಆ ಕಪ್ಪು ಹೊರಗಿನ ಕೊಳೆಯಲ್ಲ, ನಿಮ್ಮ ಬೆಳ್ಳಿಯೇ ಗಾಳಿಯಲ್ಲಿರುವ ಗಂಧಕದ ಜೊತೆ ಸೇರಿ ಹಾಗಾಗಿರುವುದು. ಉಜ್ಜಿದರೆ ಕಪ್ಪಿನ ಜೊತೆ ಬೆಳ್ಳಿಯೂ ಹೋಗುತ್ತದೆ. ದಪ್ಪ ಲೋಟವಾದರೆ ತಡೆದುಕೊಳ್ಳುತ್ತದೆ, ಈ ತಂತಿಯಲ್ಲಿ ಸವೆಯಲು ಏನಿದೆ ಹೇಳಿ!

ಮೊದಲು ಪೇಸ್ಟ್ ತೆಗೆಯಿರಿ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ಅರ್ಧ ಗಂಟೆ ನೆನೆಸಿ. ಮಕ್ಕಳ ವಾಟರ್ ಕಲರ್ ಬ್ರಷ್‌ನಿಂದ ಸುಮ್ನೆ ಕುಟ್ಟಿದ ಹಾಗೆ ಮುಟ್ಟಿ. ಎದ್ದ ತುದಿಯ ಕಡೆ ಹೋಗಬೇಡಿ.

ಆಮೇಲೆ ಗಾಜಿನ ಬಟ್ಟಲಿನ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿ ಜುಮ್ಕಿ ಇಡಿ, ಅದು ಫಾಯಿಲ್‌ಗೆ ತಾಗಿರಲೇಬೇಕು. ಒಂದು ಚಮಚ ಅಡುಗೆ ಸೋಡಾ ಹಾಕಿ ಒಂದು ಲೋಟ ಬಿಸಿ ನೀರು ಸುರಿಯಿರಿ. ಕೊಳೆತ ಮೊಟ್ಟೆ ವಾಸನೆ ಬಂದರೆ ಗಾಬರಿ ಬೇಡ, ಗಂಧಕ ಬಿಡುತ್ತಿದೆ ಅಂತ ಅರ್ಥ. ಎರಡು ಮೂರು ನಿಮಿಷ ಸಾಕು. ಹೀಗೆ ಮಾಡಿದರೆ ಕಪ್ಪಾದದ್ದು ಅಲ್ಲೇ ಮತ್ತೆ ಬೆಳ್ಳಿಯಾಗುತ್ತದೆ, ಸವೆಯುವುದಿಲ್ಲ. ಬ್ರಷ್ ಹೋಗದ ಸಂದಿಗೂ ನೀರು ಹೋಗುತ್ತದೆ ಅಲ್ವಾ?

ಅಜ್ಜಿಮನೆ:
ನಮ್ಮಲ್ಲಿ ಬೆಳ್ಳಿ ದೀಪಕ್ಕೆಲ್ಲ ವಿಭೂತಿಯೇ. ಇದಕ್ಕೂ ಆಗುತ್ತಾ?

ಪತ್ತಾರರ ಮಗ:
ದೀಪಕ್ಕೆ ಚೆನ್ನಾಗಿಯೇ ಆಗುತ್ತದೆ. ಇಲ್ಲಿ ಬೇಡ, ಅದೂ ಸಂದಿಯಲ್ಲೇ ಕೂರುತ್ತದೆ.

ಬೆಳ್ಳಿಗೆಜ್ಜೆ:
ಮಾಡಿದೆ ಸರ್! ವಾಸನೆಗೆ ಮನೆಯವರೆಲ್ಲ ಅಡುಗೆಮನೆಗೆ ಬಂದರು. ಫಾಯಿಲ್ ಮೇಲೆ ಕಪ್ಪು ಕಲೆ, ಜುಮ್ಕಿ ಬೆಳ್ಳಗೆ. ಆದರೆ ಕೊಂಡಾಗಿನ ಹೊಳಪು ಪೂರ್ತಿ ಬಂದಿಲ್ಲ, ಸ್ವಲ್ಪ ಮಂಕು. ಎದ್ದ ತುದಿಯನ್ನು ಚಿಮಟದಿಂದ ಒತ್ತಲಾ?

ಪತ್ತಾರರ ಮಗ:
ಒತ್ತಬೇಡಿ, ಮುರಿದೀತು. ಬೆಸುಗೆ ಬಿಟ್ಟಿರಬೇಕು. ತಾರಕಸಿ ಕೆಲಸ ಗೊತ್ತಿರುವ ಪತ್ತಾರರಿಗೇ ಕೊಡಿ. ಜಾಸ್ತಿ ಬೆಂಕಿ ತೋರಿಸಿದರೆ ಪಕ್ಕದ ಬೆಸುಗೆಗಳೂ ಕರಗುತ್ತವೆ. ಮಂಕನ್ನು ಹಾಗೇ ಬಿಡಿ, ಹಾಕಿಕೊಂಡಾಗ ಯಾರಿಗೂ ಕಾಣುವುದಿಲ್ಲ. ಚೆನ್ನಾಗಿ ಒಣಗಿಸಿ ಜಿಪ್ ಕವರಿನಲ್ಲಿಡಿ. ರಬ್ಬರ್ ಬ್ಯಾಂಡ್ ಮಾತ್ರ ಸುತ್ತಬೇಡಿ, ಅದರಲ್ಲೂ ಗಂಧಕ ಇರುತ್ತದೆ.

ಬೆಳ್ಳಿಗೆಜ್ಜೆ:
ಅಯ್ಯೋ, ಎರಡು ವರ್ಷ ರಬ್ಬರ್ ಬ್ಯಾಂಡ್ ಹಾಕಿಯೇ ಇಟ್ಟಿದ್ದೆ.