ಹಿತ್ತಲಲ್ಲಿ ಬ್ರಷ್ ಟರ್ಕಿ ಗುಡ್ಡೆ ಹಾಕುತ್ತಿದೆ, ನೀವೇನು ಮಾಡಿದಿರಿ?

ಬ್ರಿಸ್ಬೇನ್ ಹೊಸಬ: ಬೇಲಿ ಪಕ್ಕ ಗಂಡು ಬ್ರಷ್ ಟರ್ಕಿ, ಅದೇ ಆಸ್ಟ್ರೇಲಿಯಾದ ಕೋಳಿಯಂಥ ದೊಡ್ಡ ಕಾಡುಹಕ್ಕಿ, ಮೊಟ್ಟೆಗೆಂದು ನಾಲ್ಕು ದಿನದಿಂದ ಎಲೆ ಕೆದರಿ ಗುಡ್ಡೆ ಹಾಕುತ್ತಿದೆ. ಆಗಲೇ ಮೊಣಕಾಲೆತ್ತರ. ಬಾಡಿಗೆ ಮನೆ. ಅನುಭವ ಇದ್ದವರು ಹೇಳಿ.

ಗುದ್ದಲಿ: ನನ್ನ ಕಥೆ ಕೇಳಿ. ದಿನಾ ಸಂಜೆ ಗುಡ್ಡೆ ಹರಡುತ್ತಿದ್ದೆ, ಬೆಳಿಗ್ಗೆ ಮತ್ತೆ ಅಲ್ಲೇ. ಗಿಡದ ಬುಡಕ್ಕೆ ಹಾಸುವ ಮಲ್ಚ್ 14 ಚೀಲ, 168 ಡಾಲರ್, ಪೂರ್ತಿ ಅದರ ಪಾಲಾಯಿತು. ಶುಂಠಿ ಮಡಿ ಬುಡಮೇಲು. ಕೊನೆಗೆ ಹಕ್ಕಿ ಹಿಡಿಯುವ ಲೈಸೆನ್ಸ್ ಇದ್ದವನನ್ನು ಕರೆಸಿ ಹಿಡಿಸಿದೆ, 390 ಡಾಲರ್. ಮೂರೇ ವಾರ! ಇನ್ನೊಂದು ಗಂಡು ಬಂದು ಅದೇ ಗುಡ್ಡೆ ಹತ್ತಿತು. ಜಾಗ ಖಾಲಿಯಾದರೆ ಬೇರೆಯದು ಬರುತ್ತದೆ ಅಂತ ದುಡ್ಡು ಎಣಿಸಿಕೊಂಡ ಮೇಲೆ ಹೇಳಿದ, ಪುಣ್ಯಾತ್ಮ.

ಎಲೆರಾಶಿ: 390 ಸುಮ್ನೆ ಸುರಿದಿರಿ. ನಾನು ಗುಡ್ಡೆ ಮುಟ್ಟಲೇ ಇಲ್ಲ. ನಾಲ್ಕು ಮೀಟರ್ ಅಗಲ, ಎದೆಯೆತ್ತರ ಆಯಿತು. ಎಲೆ ಕೊಳೆಯುವ ಬಿಸಿಯಲ್ಲೇ ಮೊಟ್ಟೆಗೆ ಕಾವು. ಗಂಡು ಕೊಕ್ಕು ತೂರಿಸಿ ಶಾಖ ನೋಡುತ್ತದೆ, ಎಲೆ ಸೇರಿಸಿ, ತೆಗೆದು, 33–35 ಡಿಗ್ರಿಯಲ್ಲಿ ಇಡುತ್ತದೆ. ನನ್ನ ಕಾಂಪೋಸ್ಟ್ ಡಬ್ಬಿಗೆ ಆ ಯೋಗ್ಯತೆ ಇಲ್ಲ. ಏಳು ವಾರಕ್ಕೆ ಮರಿಯೊಂದು ತಾನೇ ತೋಡಿಕೊಂಡು ಬಂದು ಪೊದೆಗೆ ಓಡಿತು. ಅಪ್ಪ ತಿರುಗಿಯೂ ನೋಡಲಿಲ್ಲ!

ಗುದ್ದಲಿ: ನಿಮ್ಮದು ದೊಡ್ಡ ಹಿತ್ತಲು ಸ್ವಾಮಿ. ನನ್ನದು ಅಂಗೈಯಗಲ. ನಾಲ್ಕು ಮೀಟರ್ ಬಿಟ್ಟರೆ ಬಟ್ಟೆ ಎಲ್ಲಿ ಒಣಹಾಕಲಿ?

ಬಿಸಿಲು: ಬುಷ್ ಟರ್ಕಿಗೆ ನೆರಳು ಬೇಕೇ ಬೇಕು. ನಾನು ಮೇಲಿನ ಕೊಂಬೆ ಸವರಿಸಿ, ಗುಡ್ಡೆಗೆ ಟಾರ್ಪಾಲ್ ಹೊದಿಸಿ ಕಲ್ಲು ಹೇರಿದೆ. ಪಕ್ಕದ ಮನೆಗೆ ಹೋಯಿತು. ಆ ಮನೆಯವರು ಈಗ ಮಾತಾಡುತ್ತಿಲ್ಲ, ಅದು ಬೇರೆ.

ಎಲೆರಾಶಿ: ಹೊದಿಸುವ ಮೊದಲು ಮೊಟ್ಟೆ ಇದೆಯಾ ನೋಡಿದಿರಾ? ಕ್ವೀನ್ಸ್‌ಲ್ಯಾಂಡಿನಲ್ಲಿ ಇದು ಸಂರಕ್ಷಿತ ಹಕ್ಕಿ. ಮತ್ತೆ ಅದು ಬುಷ್ ಅಲ್ಲ, ಬ್ರಷ್.

ಬಿಸಿಲು: ಶುರುವಿನಲ್ಲೇ ಹೊದಿಸಿದೆ ಮಾರಾಯ್ರೆ, ಮೊಟ್ಟೆ ಎಲ್ಲಿಂದ ಬರಬೇಕು? ಇಲ್ಲಿ ಎಲ್ಲರೂ ಬುಷ್ ಅಂತಲೇ ಅನ್ನುವುದು.

ಎಲೆರಾಶಿ: ಒಳನಾಡಿಗೆ ಹೋಗಿ ಬುಷ್ ಟರ್ಕಿ ಅನ್ನಿ, ಬಸ್ಟರ್ಡ್ ತೋರಿಸುತ್ತಾರೆ. ಅದು ಬಯಲಿನ ಹಕ್ಕಿ, ಗುಡ್ಡೆಯನ್ನೇ ಹಾಕುವುದಿಲ್ಲ.

ಬಿಸಿಲು: ಸರಿ ಮೇಷ್ಟ್ರೇ. ಹಾಗಾದರೆ ಟರ್ಕಿ ಅನ್ನುವುದೂ ತಪ್ಪು. ಟರ್ಕಿಕೋಳಿಯ ಜಾತಿಯೇ ಬೇರೆ.

ಬ್ರಿಸ್ಬೇನ್ ಹೊಸಬ: ಬುಷ್ಷೋ ಬ್ರಷ್ಷೋ, ಇವತ್ತು ಹೆಣ್ಣೊಂದು ಗುಡ್ಡೆ ಹತ್ತಿ ತೋಡುತ್ತಿದೆ. ಇನ್ನು ಮುಟ್ಟುವ ಹಾಗಿಲ್ಲ, ಅಲ್ವಾ?

ಗುದ್ದಲಿ: ಬಿಸಿಲು ಅವರೇ, ಟಾರ್ಪಾಲಿಗೆ ಎಷ್ಟು ಕೊಟ್ಟಿರಿ?